ಫ್ರೆಂಚ್‌ನಲ್ಲಿ ‘ಹೋಗಿದ್ದೆ, ತಿಂದಿದ್ದೆ’ ಅಂತ ಬರೆದರೆ ಯಾಕೆ ತಪ್ಪು? ಪ್ಲ್ಯುಸ್-ಕ-ಪಾರ್ಫೆ ಬಗ್ಗೆ ಸಹಾಯ ಬೇಕು

ಕೋಥ್ರೂಡ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಒಂಬತ್ತು ವರ್ಷದಿಂದ ಪುಣೆಯಲ್ಲಿದ್ದೇನೆ, ಮನೆ ಕೋಥ್ರೂಡ್, ಆಫೀಸು ಹಿಂಜವಡಿ. ಎರಡು ವರ್ಷದಿಂದ ಶನಿವಾರ, ಭಾನುವಾರ ಫ್ರೆಂಚ್ ಕ್ಲಾಸಿಗೆ ಹೋಗುತ್ತಿದ್ದೇನೆ. ಈಗ ಡೆಲ್ಫ್ ಅನ್ನುವ ಫ್ರೆಂಚ್ ಭಾಷಾ ಪರೀಕ್ಷೆಯ ಬಿ1 ಮಟ್ಟಕ್ಕೆ ಓದುತ್ತಿದ್ದೇನೆ. ಓದುವುದು, ಕೇಳಿ ಅರ್ಥ ಮಾಡಿಕೊಳ್ಳುವುದು ಪರವಾಗಿಲ್ಲ. ಬರೆಯುವುದರಲ್ಲಿ ಮಾತ್ರ ಒಂದೇ ಕಡೆ ಮತ್ತೆ ಮತ್ತೆ ಎಡವುತ್ತಿದ್ದೇನೆ. ಬಿ1ರಲ್ಲಿ 45 ನಿಮಿಷದಲ್ಲಿ 160 ಪದ ಬರೆಯಬೇಕು, ಅದು 25 ಅಂಕದ ಭಾಗ, ಅದಕ್ಕೇ ಇಷ್ಟು ಯೋಚನೆ.

ವಿಷಯ ಏನೆಂದರೆ, ಹಿಂದಿನ ವಾರ ಕ್ಲಾಸಿನಲ್ಲಿ ‘ಕಳೆದ ಶನಿವಾರ ಏನು ಮಾಡಿದಿರಿ’ ಅಂತ ಒಂದು ಪ್ಯಾರಾ ಬರೆಯಲು ಹೇಳಿದರು. ನಾನು ಮೊದಲು ಮನಸ್ಸಿನಲ್ಲೇ ಕನ್ನಡದಲ್ಲಿ ವಾಕ್ಯ ಕಟ್ಟಿಕೊಂಡೆ. ‘ಕಳೆದ ಶನಿವಾರ ಲೋಣಾವಳಾಕ್ಕೆ ಹೋಗಿದ್ದೆ. ತಂಗಿಯೂ ಬಂದಿದ್ದಳು. ಭೂಶಿ ಡ್ಯಾಮ್ ಹತ್ತಿರ ಜೋಳದ ತೆನೆ ತಿಂದಿದ್ದೆವು. ಜೋರು ಮಳೆ ಬಂದಿತ್ತು.’ ಇದನ್ನೇ ಫ್ರೆಂಚ್‌ಗೆ ತಂದೆ. ಸಾಮ್ದಿ ದೆರ್ನ್ಯೆ, ಜೆತೆ ಆಲೆ ಆ ಲೋಣಾವಳಾ. ಮಾ ಸರ್ ಎತೆ ವನ್ಯು. ನೂ ಝಾವ್ಯೋಂ ಮಾಂಜೆ ದ್ಯು ಮಾಯಿಸ್. ಇಲ್ ಆವೆ ಪ್ಲ್ಯು. ಕನ್ನಡ ಲಿಪಿಯಲ್ಲಿ ಉಚ್ಚಾರ ಮಾತ್ರ ಕೊಡುತ್ತಿದ್ದೇನೆ, ಸ್ಪೆಲ್ಲಿಂಗ್ ಪುಸ್ತಕ ನೋಡಿ ಸರಿಯಾಗಿಯೇ ಬರೆದಿದ್ದೆ.

ಒಂದೊಂದು ಕ್ರಿಯಾಪದದ ಕೆಳಗೂ ಕೆಂಪು ಗೆರೆ. ಪಕ್ಕದಲ್ಲಿ ಟೀಚರ್ ಒಂದೇ ಪ್ರಶ್ನೆ ಬರೆದಿದ್ದರು: ‘ಆವಾಂ ಕ್ವಾ?’ ಅಂದರೆ ‘ಯಾವುದಕ್ಕಿಂತ ಮೊದಲು?’ ಅಷ್ಟೇ. ರೂಪ ಸರಿ ಇದೆ, ಆದರೆ ಇಲ್ಲಿ ಈ ಕಾಲ ಬೇಡ, ಪಾಸೆ ಕೋಂಪೋಝೆ (‘ಹೋದೆ, ತಿಂದೆ’ ಅನ್ನುವ ಸಾದಾ ಭೂತಕಾಲ) ಹಾಕು ಅಂದರು. ಕ್ಲಾಸ್ ಮುಗಿಯುವ ಹೊತ್ತು, ಜಾಸ್ತಿ ಕೇಳಲು ಆಗಲಿಲ್ಲ.

ನನಗೆ ಗೊಂದಲ ಇದು. ‘ಹೋಗಿದ್ದೆ’ ಅನ್ನುವುದಕ್ಕೆ ಪ್ಲ್ಯುಸ್-ಕ-ಪಾರ್ಫೆ ಅಂತಲೇ ತಾನೇ ಕಲಿತದ್ದು? ಕನ್ನಡದಲ್ಲಿ ನಾಲ್ಕೂ ವಾಕ್ಯ ಸರಿಯಾಗಿವೆ. ಯಾರೂ ತಪ್ಪು ಅನ್ನುವುದಿಲ್ಲ. ಮತ್ತೆ ಫ್ರೆಂಚ್‌ನಲ್ಲಿ ಯಾಕೆ ತಪ್ಪು? ಕ್ಲಾಸಿನಲ್ಲಿ ಬೇರೆಯವರೆಲ್ಲ ಮರಾಠಿಯವರು, ಅವರಿಗೂ ಇದೇ ಕೆಂಪು ಗೆರೆ ಬಿದ್ದಿದೆ. ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳಿದರೆ ತುಂಬಾ ಉಪಕಾರ.

ಮಾಟುಂಗಾ ಮೇಷ್ಟ್ರು:

ಅಮ್ಮಾ, ನಿಮ್ಮ ಟೀಚರ್ ಕೇಳಿದ ಪ್ರಶ್ನೆಯಲ್ಲೇ ಉತ್ತರ ಇದೆ. ನಾನು ಮುಂಬೈಯಲ್ಲಿ ಇಪ್ಪತ್ತಾರು ವರ್ಷ ಶಾಲೆ ಮಕ್ಕಳಿಗೆ ಫ್ರೆಂಚ್ ಕಲಿಸಿದವನು, ಈಗ ನಿವೃತ್ತ. ಈ ಕೆಂಪು ಗೆರೆಯನ್ನು ನಾನೇ ಸಾವಿರಾರು ಸಲ ಎಳೆದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ಮೊದಲು ಒಳ್ಳೆಯ ಸುದ್ದಿ. ರೂಪ ಕಟ್ಟುವ ವಿಷಯದಲ್ಲಿ ಕನ್ನಡದವರಿಗೆ ಇದು ತೀರಾ ಸುಲಭ, ಯಾಕೆಂದರೆ ನಮ್ಮ ಭಾಷೆ ಇದನ್ನು ಅದೇ ರೀತಿ ಕಟ್ಟುತ್ತದೆ. ‘ತಿಂದಿದ್ದೆ’ ಅನ್ನುವುದನ್ನು ಬಿಡಿಸಿ. ತಿಂದು + ಇದ್ದೆ. ಮುಗಿದ ಕೆಲಸ ಒಂದು ತುಂಡು, ‘ಇದ್ದೆ’ ಅನ್ನುವ ಹಳೆಯ ಕಾಲ ಇನ್ನೊಂದು ತುಂಡು. ಫ್ರೆಂಚ್‌ನಲ್ಲಿ ತುಂಡುಗಳ ಜಾಗ ಅದಲು ಬದಲು, ಅಷ್ಟೇ. ‘ಜಾವೆ’ ಮೊದಲು, ‘ಮಾಂಜೆ’ ಆಮೇಲೆ. ಈ ‘ಜಾವೆ’ ಏನು ಅಂದರೆ ಅವ್ವಾರ್ (‘ಹೊಂದಿರು’) ಕ್ರಿಯಾಪದದ ಎಂಪಾರ್ಫೆ, ಅಂದರೆ ಆಗ ಇದ್ದ ಸ್ಥಿತಿ, ನಡೆಯುತ್ತಿದ್ದ ಕೆಲಸ ಹೇಳುವ ಭೂತಕಾಲ. ಅದನ್ನು ನೀವು ಬಿ1ಕ್ಕಿಂತ ಕೆಳಗಿನ ಎ2 ಮಟ್ಟದಲ್ಲೇ ಕಲಿತಿದ್ದೀರಿ. ಜಾವೆ, ತ್ಯು ಆವೆ, ಇಲ್ ಆವೆ, ನೂ ಝಾವ್ಯೋಂ, ವೂ ಝಾವ್ಯೆ, ಇಲ್ ಝಾವೆ. ಕಿವಿಗೆ ‘ಆವೆ’ ನಾಲ್ಕು ಕಡೆ ಒಂದೇ, ಬರೆಯುವಾಗ ಮೂರು ತರ. ನಾನು, ನೀನು ಇದ್ದಾಗ ಕೊನೆಗೆ ಎಸ್, ಅವನು ಅವಳು ಇದ್ದಾಗ ಟಿ, ಅವರು ಇದ್ದಾಗ ಇ-ಎನ್-ಟಿ. ಎತ್ರ್ (‘ಇರು, ಆಗಿರು’) ಕ್ರಿಯಾಪದ ಬೇಕಾದ ಕಡೆ ಜೆತೆ, ತ್ಯು ಎತೆ, ಇಲ್ ಎತೆ, ನೂ ಝೆತ್ಯೋಂ, ವೂ ಝೆತ್ಯೆ, ಇಲ್ ಝೆತೆ. ಬಾಲಗಳು ಅವೇ. ಈ ಎರಡು ಸಾಲು ಬಾಯಿಗೆ ಬಂದರೆ ಈ ಕಾಲದ ಅರ್ಧ ಕೆಲಸ ಮುಗಿಯಿತು, ಯಾಕೆಂದರೆ ಇದರಲ್ಲಿ ಹೊಸದಾಗಿ ಕಲಿಯಬೇಕಾದ ಬಾಲ ಒಂದೂ ಇಲ್ಲ.

ಉಳಿದದ್ದು ಪಾರ್ತಿಸಿಪ್ ಪಾಸೆ, ಅಂದರೆ ನಮ್ಮ ‘ತಿಂದು, ಹೋಗಿ, ಬಂದು’. ಇದನ್ನೂ ಪಾಸೆ ಕೋಂಪೋಝೆಗೆ ಕಲಿತಾಗಿದೆ. ಮಾಂಜೆ, ಫಿನಿ, ವಾಂದ್ಯು ಅನ್ನುವ ಮೂರು ದಾರಿ, ಆಮೇಲೆ ದಾರಿ ತಪ್ಪಿದವು: ಪ್ರಾಂದ್ರ್‌ಗೆ ಪ್ರಿ, ಮೆತ್ರ್‌ಗೆ ಮಿ, ಫೇರ್‌ಗೆ ಫೆ, ವ್ವಾರ್‌ಗೆ ವ್ಯು, ಎಕ್ರೀರ್‌ಗೆ ಎಕ್ರಿ, ಊವ್ರೀರ್‌ಗೆ ಊವೇರ್. ಇಷ್ಟೊಂದು ಅಪವಾದ ಯಾಕೆ ಅಂತ ಮಕ್ಕಳು ಅಳುತ್ತಿದ್ದರು. ಕನ್ನಡ ಮನೆಯ ಮಕ್ಕಳಿಗೆ ನಾನು ಹೇಳುತ್ತಿದ್ದೆ, ಕೊಡು ಇದ್ದದ್ದು ‘ಕೊಟ್ಟು’ ಆಗುತ್ತದೆ, ಕೀಳು ಇದ್ದದ್ದು ‘ಕಿತ್ತು’ ಆಗುತ್ತದೆ, ಬರು ಇದ್ದದ್ದು ‘ಬಂದು’ ಆಗುತ್ತದೆ, ಇದನ್ನೆಲ್ಲ ಯಾವ ಪಟ್ಟಿ ನೋಡಿ ಕಲಿತಿರಿ? ಆಡಿ ಆಡಿ ಬಂತು. ಅದೂ ಹಾಗೇ ಬರಬೇಕು.

ಇಲ್ಲ ಅನ್ನುವಾಗಲೂ ನಮ್ಮ ದಾರಿಯೇ. ‘ಹೋಗಿರಲಿಲ್ಲ’ ಅಂದಾಗ ಇಲ್ಲ ಅನ್ನುವುದು ‘ಇರು’ಗೆ ಅಂಟಿಕೊಳ್ಳುತ್ತದೆ, ‘ಹೋಗಿ’ಯನ್ನು ಮುಟ್ಟುವುದಿಲ್ಲ. ಫ್ರೆಂಚ್‌ನಲ್ಲೂ ನ ಮತ್ತು ಪಾ ಎರಡೂ ಸಹಾಯಕ್ಕೆ ಬಂದ ಕ್ರಿಯಾಪದದ ಆಚೆ ಈಚೆ ನಿಲ್ಲುತ್ತವೆ. ಜ ನಾವೆ ಪಾ ಕೋಂಪ್ರಿ, ನನಗೆ ಅರ್ಥವಾಗಿರಲಿಲ್ಲ. ‘ಆಗಲೇ’ ಅನ್ನುವ ದೆಜಾ ಕೂಡ ನಡುವೆಯೇ: ಜಾವೆ ದೆಜಾ ಮಾಂಜೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ರೂಪ ಒಂದೇ ಇದ್ದರೂ ಬಳಕೆ ಒಂದೇ ಅಲ್ಲ, ಎಲ್ಲರೂ ಬೀಳುವುದು ಇಲ್ಲಿಯೇ. ಕನ್ನಡದಲ್ಲಿ ‘ನಿನ್ನೆ ಸಿಂಹಗಡಕ್ಕೆ ಹೋಗಿದ್ದೆ’ ಅಂತ ಸುಮ್ನೆ ಹೇಳುತ್ತೇವೆ. ಅರ್ಥ ಏನು? ಹೋಗಿ ಬಂದಾಯಿತು, ಈಗ ಅಲ್ಲಿಲ್ಲ, ಕತೆ ಮುಗಿದಿದೆ. ‘ಸಿಂಹಗಡಕ್ಕೆ ಹೋದೆ’ ಅಂದರೆ ಕೇಳುವವರು ‘ಸರಿ, ಆಮೇಲೆ?’ ಅಂತ ಕಾಯುತ್ತಾರೆ. ಅಂದರೆ ನಮ್ಮ ‘ಇದ್ದೆ’ ಮುಗಿದು ಹೋದ, ಸ್ವಲ್ಪ ದೂರದ ಸಂಗತಿಗೂ ಸಾಕು. ಇನ್ನೊಂದು ಘಟನೆ ಪಕ್ಕದಲ್ಲಿ ಇರಲೇಬೇಕು ಅಂತ ಇಲ್ಲ. ಮರಾಠಿಯ ‘ಗೇಲೋ ಹೋತೋ’ ಕೂಡ ಹಾಗೇ ನಡೆಯುತ್ತದೆ, ಹಿಂದಿಯ ‘ಗಯಾ ಥಾ’ ಕೂಡ. ನಿಮ್ಮ ಇಡೀ ಕ್ಲಾಸಿಗೆ ಕೆಂಪು ಗೆರೆ ಬಿದ್ದದ್ದು ಅದಕ್ಕೇ.

ಫ್ರೆಂಚ್ ಹಾಗಲ್ಲ. ಅಲ್ಲಿ ಈ ಕಾಲ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದೆ ಆದ ಒಂದು ಘಟನೆ ಬೇಕು, ಅದಕ್ಕಿಂತಲೂ ಮೊದಲೇ ಇದು ಮುಗಿದಿರಬೇಕು. ಹೆಸರೇ ಅದನ್ನು ಹೇಳುತ್ತದೆ. ಲ್ಯಾಟಿನ್‌ನಿಂದ ಬಂದ ಹೆಸರು, ‘ಪಾರ್ಫೆ’ ಅಂದರೆ ಇಲ್ಲಿ ‘ಮುಗಿದದ್ದು’ ಅಂತ ಅರ್ಥ, ಮುಗಿದದ್ದಕ್ಕಿಂತಲೂ ಆಚೆಗೆ ಮುಗಿದದ್ದು ಅಂತ. ಅಂದಹಾಗೆ ‘ಪ್ಲ್ಯು’ ಅನ್ನುವಾಗ ಸಾಮಾನ್ಯವಾಗಿ ನುಂಗುವ ಎಸ್ ಇಲ್ಲಿ ಕೇಳಿಸುತ್ತದೆ, ನೀವು ‘ಪ್ಲ್ಯುಸ್’ ಅಂತ ಬರೆದದ್ದು ಸರಿ.

ನಾನು ಕ್ಲಾಸಿನಲ್ಲಿ ಯಾವಾಗಲೂ ಡೆಕ್ಕನ್ ಕ್ವೀನ್ ಉದಾಹರಣೆ ಕೊಡುತ್ತಿದ್ದೆ. ಬೆಳಗ್ಗೆ 7.15ಕ್ಕೆ ಪುಣೆ ಬಿಡುತ್ತದೆ. ನೀವು 7.20ಕ್ಕೆ ಪ್ಲಾಟ್‌ಫಾರ್ಮಿಗೆ ಓಡಿ ಬರುತ್ತೀರಿ. ಕಾಂ ಜ ಸ್ವಿ ಆರಿವೆ ಆ ಲಾ ಗಾರ್, ಲ ತ್ರೇಂ ಎತೆ ದೆಜಾ ಪಾರ್ತಿ. ನಾನು ಬರುವ ಹೊತ್ತಿಗೆ ರೈಲು ಆಗಲೇ ಹೊರಟು ಹೋಗಿತ್ತು. ಇಲ್ಲಿ ಎರಡು ಗಳಿಗೆ ಇವೆ. 7.20ರದ್ದು ಪಾಸೆ ಕೋಂಪೋಝೆ, 7.15ರದ್ದು ಪ್ಲ್ಯುಸ್-ಕ-ಪಾರ್ಫೆ. ‘ಎತೆ ಪಾರ್ತಿ’ ಬದಲು ‘ಎ ಪಾರ್ತಿ’ ಅಂತ ಹಾಕಿ ನೋಡಿ, ನೀವು ಬಂದಿರಿ, ಆಗ ರೈಲು ಹೊರಟಿತು ಅಂತಾಗುತ್ತದೆ. ಕಣ್ಣೆದುರೇ ಹೋಯಿತು. ಐದು ನಿಮಿಷದ ಕತೆಯೇ ಬದಲಾಯಿತು, ಅಲ್ವಾ?

ಈಗ ನಿಮ್ಮ ಲೋಣಾವಳಾ ಪ್ಯಾರಾ. ಹೋಗಿದ್ದು, ತಂಗಿ ಬಂದದ್ದು, ತೆನೆ ತಿಂದದ್ದು, ಮಳೆ ಬಂದದ್ದು ನಾಲ್ಕೂ ಅದೇ ಶನಿವಾರದವು, ಒಂದರ ಹಿಂದೆ ಒಂದು ಆದವು. ಯಾವುದಕ್ಕಿಂತ ಮೊದಲು? ಯಾವುದಕ್ಕೂ ಅಲ್ಲ. ಹಾಗಾಗಿ ಜ ಸ್ವಿ ಆಲೆ, ಮಾ ಸರ್ ಎ ವನ್ಯು, ನೂ ಝಾವೋಂ ಮಾಂಜೆ, ಇಲ್ ಆ ಪ್ಲ್ಯು. ಅದೇ ‘ಹಿಂದಿನ ರಾತ್ರಿ ಮಳೆ ಬಂದಿತ್ತು, ಅದಕ್ಕೇ ರಸ್ತೆ ಒದ್ದೆ’ ಅಂತ ಬರೆದಿದ್ದರೆ ಇಲ್ ಆವೆ ಪ್ಲ್ಯು ನೂರಕ್ಕೆ ನೂರು ಸರಿ.

ಇನ್ನೊಂದು ಗುಂಡಿ ಇದೆ, ಇದನ್ನು ಪುಸ್ತಕಗಳು ಹೇಳುವುದಿಲ್ಲ, ಯಾಕೆಂದರೆ ಅವು ಕನ್ನಡದವರಿಗಾಗಿ ಬರೆದವಲ್ಲ. ‘ಕುಳಿತಿದ್ದಳು, ನಿಂತಿದ್ದ, ಮಲಗಿದ್ದ, ಒದ್ದೆಯಾಗಿತ್ತು’ ಇವೆಲ್ಲ ನೋಡಲು ‘ತಿಂದಿದ್ದ’ ತರವೇ ಇವೆ. ಆದರೆ ಇವು ಆಗಿನ ಸ್ಥಿತಿ ಹೇಳುತ್ತವೆ, ಮೊದಲೇ ಮುಗಿದ ಕೆಲಸವನ್ನಲ್ಲ. ಇವಕ್ಕೆ ಎಂಪಾರ್ಫೆ ಸಾಕು. ಅವನು ಮಲಗಿದ್ದ, ಇಲ್ ದೋರ್ಮೆ. ರಸ್ತೆ ಒದ್ದೆಯಾಗಿತ್ತು, ಲಾ ರೂತ್ ಎತೆ ಮೂಯೆ. ಕನ್ನಡದ ‘ಇದ್ದ’ ಕಂಡ ಕೂಡಲೇ ಕೈ ಪ್ಲ್ಯುಸ್-ಕ-ಪಾರ್ಫೆ ಕಡೆ ಓಡಬಾರದು. ಮೊದಲು ಟೀಚರ್ ಪ್ರಶ್ನೆ ಕೇಳಿಕೊಳ್ಳಿ: ಆವಾಂ ಕ್ವಾ?

ಕೋಥ್ರೂಡ್ ಕನ್ನಡತಿ:

ಮೇಷ್ಟ್ರೇ, ತುಂಬಾ ತುಂಬಾ ಧನ್ಯವಾದ. ರೈಲಿನ ಉದಾಹರಣೆ ಓದಿದ ಮೇಲೆ ತಲೆಯಲ್ಲಿ ಲೈಟ್ ಹತ್ತಿತು. ಎರಡು ವರ್ಷದಲ್ಲಿ ಮೊದಲ ಸಲ ನನ್ನ ತಪ್ಪು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಯಿತು. ಇದು ಓದದೆ ಬಂದ ತಪ್ಪಲ್ಲ, ಕನ್ನಡ ಸರಿಯಾಗಿ ಬರುವುದರಿಂದಲೇ ಬಂದದ್ದು. ಇದನ್ನು ತಿಳಿದು ನಿಜಕ್ಕೂ ಸಮಾಧಾನ ಆಯಿತು.

ಈಗ ಮುಂದಿನದು. ಅವ್ವಾರ್ ಯಾವಾಗ, ಎತ್ರ್ ಯಾವಾಗ? ಎತ್ರ್ ತೆಗೆದುಕೊಳ್ಳುವ ಕ್ರಿಯಾಪದಗಳನ್ನು ಒಂದು ಮನೆಯ ಚಿತ್ರ ಬರೆದು ಕಲಿಸಿದ್ದಾರೆ, ಬಾಗಿಲು, ಮೆಟ್ಟಿಲು, ಕಿಟಕಿ ಎಲ್ಲ ಇರುವ ಚಿತ್ರ. ಆದರೆ ಅದರಲ್ಲಿರುವ ಕೆಲವು ಒಮ್ಮೊಮ್ಮೆ ಅವ್ವಾರ್ ಜತೆಗೂ ಬರುತ್ತವೆ. ಆಮೇಲೆ ಕೊನೆಗೆ ಇ ಸೇರಿಸುವುದು, ಎಸ್ ಸೇರಿಸುವುದು, ಅದು ಒಂದು ದಿನ ಇರುತ್ತದೆ, ಒಂದು ದಿನ ಇರುವುದಿಲ್ಲ ಅನ್ನಿಸುತ್ತದೆ.

ಸದಾಶಿವ ಪೇಠ್ ಹುಡುಗ:

ಅಕ್ಕಾ, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ನಾನು ಹುಟ್ಟಿದ್ದು ಬೆಳೆದದ್ದು ಪುಣೆಯಲ್ಲೇ, ಮನೆಮಾತು ಕನ್ನಡ, ಹೊರಗೆಲ್ಲ ಮರಾಠಿ. ಫ್ರೆಂಚ್ ಕಲಿತದ್ದು ಫರ್ಗ್ಯುಸನ್ ರೋಡಿನ ರಾನಡೆ ಇನ್‌ಸ್ಟಿಟ್ಯೂಟ್‌ನಲ್ಲಿ. ಈಗ ಅನುವಾದವೇ ನನ್ನ ಕೆಲಸ. ಮೊದಲ ಪ್ರಶ್ನೆಗೆ ಕನ್ನಡ ಸಹಾಯ ಮಾಡುತ್ತದೆ, ಎರಡನೆಯದಕ್ಕೆ ಮರಾಠಿ.

ಕನ್ನಡದಲ್ಲಿ ‘ಇಳಿದಿದ್ದೆ’ ಮತ್ತು ‘ಇಳಿಸಿದ್ದೆ’ ಎರಡೂ ಬೇರೆ, ಅಲ್ವಾ? ನಾನೇ ಇಳಿದೆ, ಅಥವಾ ಬೇರೆ ಏನನ್ನೋ ಇಳಿಸಿದೆ. ಫ್ರೆಂಚ್‌ನಲ್ಲಿ ಎರಡಕ್ಕೂ ಕ್ರಿಯಾಪದ ಒಂದೇ, ದೆಸಾಂದ್ರ್. ವ್ಯತ್ಯಾಸವನ್ನು ಸಹಾಯಕ ಕ್ರಿಯಾಪದ ತೋರಿಸುತ್ತದೆ. ನಾನು ಇಳಿದಿದ್ದೆ, ಜೆತೆ ದೆಸಾಂದ್ಯು. ಸೂಟ್‌ಕೇಸ್‌ಗಳನ್ನು ಇಳಿಸಿದ್ದೆ, ಜಾವೆ ದೆಸಾಂದ್ಯು ಲೆ ವಾಲೀಝ್. ಹಾಗೇ ಸೊರ್ತೀರ್, ಹೊರಗೆ ಬಂದಿದ್ದೆ ಅಂದರೆ ಎತ್ರ್, ಪುಸ್ತಕ ಹೊರಗೆ ತೆಗೆದಿದ್ದೆ ಅಂದರೆ ಅವ್ವಾರ್. ರಾಂತ್ರೆ ಕೂಡ, ಮನೆಗೆ ವಾಪಸ್ ಬಂದಿದ್ದೆ ಅಂದರೆ ಎತ್ರ್, ಒಣಗಿದ ಬಟ್ಟೆ ಒಳಗೆ ತಂದಿದ್ದೆ ಅಂದರೆ ಅವ್ವಾರ್. ‘ಏನನ್ನು’ ಅಂತ ಕೇಳಿದರೆ ಉತ್ತರ ಬರುತ್ತದೆಯೇ ನೋಡಿ. ಬಂದರೆ ಅವ್ವಾರ್.

ಒಂದು ಎಚ್ಚರಿಕೆ. ಆ ಮನೆಯ ಚಿತ್ರ ನೋಡಿ ‘ಚಲನೆ ಇದ್ದರೆ ಎತ್ರ್’ ಅಂತ ನಿಯಮ ಮಾಡಿಕೊಳ್ಳಬೇಡಿ. ನಡೆಯುವುದು, ಓಡುವುದು, ಈಜುವುದು, ಪ್ರವಾಸ ಮಾಡುವುದು ಎಲ್ಲಕ್ಕೂ ಅವ್ವಾರ್. ಜಾವೆ ಮಾರ್ಶೆ, ಜಾವೆ ಕೂರ್ಯು. ಹೋಗುವುದು, ಬರುವುದು, ಹೊರಡುವುದು, ತಲುಪುವುದು, ಒಳಗೆ ಹೊರಗೆ, ಮೇಲೆ ಕೆಳಗೆ, ಬೀಳುವುದು, ಉಳಿಯುವುದು, ಹುಟ್ಟುವುದು, ಸಾಯುವುದು, ಇಷ್ಟರ ಸುತ್ತಲೇ ಆ ಪಟ್ಟಿ ತಿರುಗುತ್ತದೆ. ಜತೆಗೆ ‘ತನ್ನನ್ನು ತಾನು’ ಅನ್ನುವ ಜಾತಿಯವು ಎಲ್ಲಕ್ಕೂ ಎತ್ರ್: ಜ ಮೆತೆ ಲವೆ, ನಾನು ಎದ್ದಿದ್ದೆ.

ಇನ್ನು ಕೊನೆಗೆ ಸೇರುವ ಇ, ಎಸ್. ಕನ್ನಡದಲ್ಲಿ ‘ಹೋಗಿ’ ಯಾರಿಗೂ ಬದಲಾಗುವುದಿಲ್ಲ. ಅವನು ಹೋಗಿ, ಅವಳು ಹೋಗಿ, ಅವರು ಹೋಗಿ. ಅದಕ್ಕೇ ನಮಗೆ ಇದು ಹೊಸದು. ಆದರೆ ನೀವು ಒಂಬತ್ತು ವರ್ಷ ಪುಣೆಯಲ್ಲಿದ್ದೀರಿ, ಭಾಜಿವಾಲಿ ಜತೆ, ಪಕ್ಕದ ಮನೆಯ ಕಾಕೂ ಜತೆ ದಿನಾ ಮರಾಠಿ ಆಡುತ್ತೀರಿ. ತೋ ಗೇಲಾ ಹೋತಾ, ತೀ ಗೇಲೀ ಹೋತೀ. ಹೋದವರು ಯಾರೋ ಅವರಿಗೆ ತಕ್ಕ ಹಾಗೆ ಪದ ಬದಲಾಯಿತು. ಫ್ರೆಂಚ್‌ನ ಎತ್ರ್ ಕೂಡ ಅದೇ. ಇಲ್ ಎತೆ ಆಲೆ, ಎಲ್ ಎತೆ ಆಲೆ. ಕಿವಿಗೆ ಒಂದೇ, ಬರೆಯುವಾಗ ಅವಳಿಗೆ ಒಂದು ಇ ಜಾಸ್ತಿ.

ಈಗ ಮರಾಠಿಯಲ್ಲಿ ಕರ್ಮ ಇರುವ ಕ್ರಿಯಾಪದ ನೋಡಿ. ಮೀ ಆಂಬಾ ಖಾಲ್ಲಾ ಹೋತಾ, ಮೀ ಪೋಳೀ ಖಾಲ್ಲೀ ಹೋತೀ. ತಿಂದವರು ಗಂಡಸೋ ಹೆಂಗಸೋ ಲೆಕ್ಕಕ್ಕಿಲ್ಲ. ಮಾವಿನಹಣ್ಣು ಪುಲ್ಲಿಂಗ, ಚಪಾತಿ ಸ್ತ್ರೀಲಿಂಗ, ಪದ ಅದರ ಹಿಂದೆ ಹೋಯಿತು. ಅವ್ವಾರ್ ಜತೆ ಫ್ರೆಂಚ್ ಕೂಡ ಮಾಡಿದವರನ್ನು ನೋಡುವುದಿಲ್ಲ, ವಸ್ತುವನ್ನು ನೋಡುತ್ತದೆ. ಒಂದೇ ವ್ಯತ್ಯಾಸ, ಆ ವಸ್ತು ವಾಕ್ಯದಲ್ಲಿ ಮೊದಲೇ ಬಂದಿದ್ದರೆ ಮಾತ್ರ. ಜಾವೆ ಎಕ್ರಿ ಲಾ ಲೆತ್ರ್, ಪತ್ರ ಬರೆದಿದ್ದೆ. ಪತ್ರ ಆಮೇಲೆ ಬಂತು, ಬದಲಾವಣೆ ಇಲ್ಲ. ಲಾ ಲೆತ್ರ್ ಕ ಜಾವೆ ಎಕ್ರಿತ್, ನಾನು ಬರೆದಿದ್ದ ಪತ್ರ. ಪತ್ರ ಮೊದಲೇ ಬಂತು, ಅದು ಸ್ತ್ರೀಲಿಂಗ, ಇ ಸೇರಿತು, ಮಲಗಿದ್ದ ಟಿ ಎದ್ದು ಕೇಳಿಸಿತು. ಚಿಠ್ಠೀ ಲಿಹಿಲೀ ಹೋತೀ ಅನ್ನುವ ಕಿವಿಗೆ ಇದು ಹೊಸದಲ್ಲ.

ಇನ್ನೊಂದು ಸಣ್ಣ ವಿಷಯ. ‘ತಿನ್ನು’ ಅನ್ನುವ ಮೂಲ ರೂಪವೂ ‘ತಿಂದ’ ರೂಪವೂ ಕಿವಿಗೆ ‘ಮಾಂಜೆ’ಯೇ. ಬರೆಯುವಾಗ ಕೊನೆಗೆ ಇ-ಆರ್ ಹಾಕಿಬಿಡುತ್ತೇವೆ. ಫ್ರಾನ್ಸಿನ ಮಕ್ಕಳು ಮಾಡುವ ಉಪಾಯ ಮಾಡಿ, ಆ ಜಾಗದಲ್ಲಿ ‘ಮಾರು’ ಅನ್ನುವ ಪದ ಇಟ್ಟು ನೋಡಿ. ‘ಜಾವೆ ವಾಂದ್ರ್’ ಅನ್ನಲು ಬಾಯಿ ಬರುವುದಿಲ್ಲ, ‘ಜಾವೆ ವಾಂದ್ಯು’ ಅಂತಲೇ ಬರುತ್ತದೆ. ಹಾಗಾದರೆ ಅಲ್ಲಿ ಇ-ಆರ್ ಇಲ್ಲ.

ಮಡಗಾಂವ್ ಮಳೆ:

ಚರ್ಚೆ ಓದಿ ಖುಷಿ ಆಯಿತು. ನಾನು ಕಾರವಾರದ ಕಡೆಯವಳು, ಮದುವೆಯಾಗಿ ಬಂದದ್ದು ಗೋವಾಕ್ಕೆ. ನಮ್ಮ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, 1961ಕ್ಕೆ ಮೊದಲು ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು. ಅವರಿಂದ ಸ್ವಲ್ಪ ಪೋರ್ಚುಗೀಸ್ ಕಲಿತೆ, ಆಮೇಲೆ ಮಗಳಿಗಾಗಿ ಫ್ರೆಂಚ್ ಶುರು ಮಾಡಿದೆ. ಪೋರ್ಚುಗೀಸ್‌ನಲ್ಲಿ ಈ ಕಾಲಕ್ಕೆ ಸಹಾಯಕ ಒಂದೇ. ತಿಂಞ ಕುಮೀದು, ತಿಂದಿದ್ದೆ. ತಿಂಞ ಈದು, ಹೋಗಿದ್ದೆ. ಎತ್ರ್, ಅವ್ವಾರ್ ತರದ ಜಗಳ ಇಲ್ಲ, ಕೊನೆಗೆ ಏನೂ ಸೇರಿಸಬೇಕಿಲ್ಲ. ಅದನ್ನು ಕಲಿತು ಫ್ರೆಂಚ್‌ಗೆ ಬಂದ ನನಗೆ ‘ಜಾವೆ ಆಲೆ’ ಅಂತ ತಪ್ಪು ಬರುತ್ತಲೇ ಇತ್ತು. ಮನೆಯಲ್ಲಿ ಆಡುವ ಭಾಷೆ ಮಾತ್ರ ಅಲ್ಲ, ನಡುವೆ ಕಲಿತದ್ದೂ ಕೈ ಹಿಡಿದು ಎಳೆಯುತ್ತದೆ.

ಒಂದು ಪ್ರಶ್ನೆ ನನ್ನದೂ ಇದೆ ಮೇಷ್ಟ್ರೇ. ‘ಹೇಳಿದ್ದರೆ ಬರುತ್ತಿದ್ದೆ’ ಅನ್ನುವಲ್ಲಿ ಇದೇ ಕಾಲ ಬರುತ್ತದೆ ಅಂತ ಪುಸ್ತಕದಲ್ಲಿದೆ. ಅಲ್ಲಿ ಯಾವುದಕ್ಕಿಂತ ಮೊದಲು ಅಂತ ಕೇಳಿಕೊಳ್ಳುವುದು?

ಮಾಟುಂಗಾ ಮೇಷ್ಟ್ರು:

ಬಹಳ ಒಳ್ಳೆಯ ಪ್ರಶ್ನೆ. ಅಲ್ಲಿ ಆ ಪ್ರಶ್ನೆ ಕೇಳಬೇಕಿಲ್ಲ, ಅದು ಬೇರೆ ಬಳಕೆ, ಮತ್ತು ಅಲ್ಲಿ ಕನ್ನಡವನ್ನು ಪೂರ್ತಿ ನಂಬಬಹುದು. ನೋಡಿ, ‘ಹೇಳಿದರೆ ಬರುತ್ತೇನೆ’. ಇನ್ನೂ ದಾರಿ ತೆರೆದಿದೆ. ‘ಹೇಳಿದ್ದರೆ ಬರುತ್ತಿದ್ದೆ’. ದಾರಿ ಮುಚ್ಚಿದೆ, ಹೇಳಲಿಲ್ಲ, ಬರಲಿಲ್ಲ. ನಮ್ಮಲ್ಲಿ ಒಂದು ‘ಇದ್ದ’ ಸೇರಿದರೆ ಆಗದೇ ಹೋದ ಸಂಗತಿ ಆಗುತ್ತದೆ. ಫ್ರೆಂಚ್‌ನಲ್ಲೂ ‘ಒಂದು ವೇಳೆ’ ಅನ್ನುವ ‘ಸಿ’ ಆದ ಮೇಲೆ ಪ್ಲ್ಯುಸ್-ಕ-ಪಾರ್ಫೆ ಬಂದರೆ ಆಗದೇ ಹೋದದ್ದೇ. ಸಿ ತ್ಯು ಮ ಲಾವೆ ದಿ, ಜ ಸರೆ ವನ್ಯು. ಎರಡನೇ ಅರ್ಧ ಕೋಂದಿಸ್ಯೊನೆಲ್ ಪಾಸೆ, ಇಲ್ಲಿ ‘ಬರುತ್ತಿದ್ದೆ’ ಅನ್ನುವ ರೂಪ. ಮೊದಲ ಅರ್ಧದಲ್ಲಿ ‘ಸಿ ಜೊರೆ’ ಅಂತ ಎಂದೂ ಹಾಕಬೇಡಿ. ‘ಸಿ’ಗೂ ‘ಜೊರೆ’ಯ ಕೊನೆಯ ‘ರೆ’ಗೂ ಆಗಿಬರುವುದಿಲ್ಲ ಅಂತ ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ, ಅಲ್ಲಿನ ಮಕ್ಕಳಿಗೇ ಈ ತಪ್ಪು ಅಷ್ಟು ಬರುತ್ತದೆ. ‘ಸಿ’ ಮಾತ್ರ ಹೇಳಿ ಎರಡನೇ ಅರ್ಧ ಬಿಟ್ಟರೆ ಹಳಹಳಿ. ಸಿ ಸಲ್‌ಮಾಂ ಜಾವೆ ಸ್ಯು! ಗೊತ್ತಿದ್ದಿದ್ದರೆ! ನಮ್ಮ ಮಾತಿನ ಹಾಗೇ ಇದೆ.

ಸದಾಶಿವ ಪೇಠ್‌ನ ತಮ್ಮ ಬರೆದದ್ದು ಚೆನ್ನಾಗಿದೆ, ಮರಾಠಿ ಜೋಡಿಸಿದ್ದು ನನಗೇ ಇಷ್ಟು ವರ್ಷ ಹೊಳೆದಿರಲಿಲ್ಲ. ಅವರ ‘ಇಳಿಸು’ ಉಪಾಯಕ್ಕೆ ಮಾತ್ರ ಒಂದು ಸೇರಿಸಬೇಕು. ಮೆಟ್ಟಿಲು ಹತ್ತಿದ್ದೆ ಅನ್ನುವಲ್ಲಿ ಕನ್ನಡದಲ್ಲಿ ‘ಇಸು’ ಇಲ್ಲ, ಆದರೂ ಫ್ರೆಂಚ್‌ನಲ್ಲಿ ಜಾವೆ ಮೋಂತೆ ಲೆಸ್ಕಾಲ್ಯೆ. ಮೆಟ್ಟಿಲೇ ಅಲ್ಲಿ ‘ಏನನ್ನು’ ಅನ್ನುವುದಕ್ಕೆ ಉತ್ತರ. ಹಾಗಾಗಿ ‘ಇಸು’ ನೋಡುವುದಕ್ಕಿಂತ ಅವರೇ ಆಮೇಲೆ ಹೇಳಿದ ‘ಏನನ್ನು’ ಪ್ರಶ್ನೆ ಗಟ್ಟಿ.

ಇನ್ನೊಂದು ಕಡೆ ಕನ್ನಡದವರು ಉಲ್ಟಾ ತಪ್ಪು ಮಾಡುತ್ತಾರೆ. ಬೇಡದ ಕಡೆ ಈ ಕಾಲ ಹಾಕುವವರು ಬೇಕಾದ ಕಡೆ ಮರೆಯುತ್ತಾರೆ. ಅದು ಯಾರೋ ಹೇಳಿದ ಮಾತನ್ನು ತಿಳಿಸುವಾಗ. ನಮ್ಮಲ್ಲಿ ‘ಅಂತ’ ಇದೆ. ‘ಊಟ ಮಾಡಿದೆ ಅಂತ ಹೇಳಿದ’. ಅವನು ಏನು ಹೇಳಿದನೋ ಅದನ್ನು ಹಾಗೇ ಎತ್ತಿ ಇಡುತ್ತೇವೆ. ಫ್ರೆಂಚ್‌ನಲ್ಲಿ ಹಾಗೆ ಎತ್ತಿ ಇಡಲು ಆಗುವುದಿಲ್ಲ. ಇಲ್ ಆ ದಿ ಕಿಲ್ ಆವೆ ಮಾಂಜೆ. ಹೇಳುವುದಕ್ಕಿಂತ ಮೊದಲೇ ಊಟ ಆಗಿತ್ತು, ಆವಾಂ ಕ್ವಾ ಅನ್ನುವುದಕ್ಕೆ ಉತ್ತರ ಸಿಕ್ಕಿತು, ಹಾಗಾಗಿ ಪ್ಲ್ಯುಸ್-ಕ-ಪಾರ್ಫೆ. ಬಿ1ರಲ್ಲಿ ಯಾರಾದರೂ ಹೇಳಿದ್ದು, ಕೇಳಿದ್ದು, ಪತ್ರದಲ್ಲಿ ಬರೆದದ್ದು ಬಂದೇ ಬರುತ್ತದೆ. ‘ಅಂತ’ ಬಂದ ಕಡೆ ನಿಂತು ಒಂದು ಸಲ ನೋಡಿ.

‘ಆಗಷ್ಟೇ ತಿಂದಿದ್ದೆ’ ಅನ್ನಲು ಮಾತ್ರ ಇದು ಬೇಡ. ಅದಕ್ಕೆ ಜ ವನೆ ದ ಮಾಂಜೆ ಅಂತ ಬೇರೆ ದಾರಿ ಇದೆ, ಅದು ಎಂಪಾರ್ಫೆ.

ಕೋಥ್ರೂಡ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ಮೂರು ದಿನ ಆಫೀಸ್ ಬಸ್ಸಿನಲ್ಲಿ ಈ ಉತ್ತರಗಳನ್ನೇ ಓದಿದೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ಇವತ್ತು ಪ್ಯಾರಾ ಮತ್ತೆ ಬರೆದೆ. ಈ ಸಲ ಮೊದಲು ಕನ್ನಡದಲ್ಲಿ ಎರಡು ಗಳಿಗೆ ಬೇರೆ ಮಾಡಿಕೊಂಡೆ, ಶನಿವಾರದ್ದು ಒಂದು ಕಡೆ, ಅದಕ್ಕಿಂತ ಮೊದಲಿನದು ಇನ್ನೊಂದು ಕಡೆ.

ಸಾಮ್ದಿ ದೆರ್ನ್ಯೆ, ಜ ಸ್ವಿ ಆಲೆ ಆ ಲೋಣಾವಳಾ ಆವೆಕ್ ಮಾ ಸರ್. ಇಲ್ ಆವೆ ಪ್ಲ್ಯು ತೂತ್ ಲಾ ನ್ವಿ ಎ ಲಾ ರೂತ್ ಎತೆ ಮೂಯೆ. ಮಾ ಸರ್ ಮಾ ದಿ ಕೆಲ್ ನಾವೆ ಜಾಮೆ ವ್ಯು ಲ ಬಾರಾಜ್. ನೂ ಝಾವೋಂ ಮಾಂಜೆ ದ್ಯು ಮಾಯಿಸ್. ಲ ಸ್ವಾರ್, ನೂ ಝಾವೋಂ ರಗಾರ್ದೆ ಲೆ ಫೋತೊ ಕ ಜಾವೆ ಪ್ರಿ.

ಅರ್ಥ: ಕಳೆದ ಶನಿವಾರ ತಂಗಿ ಜತೆ ಲೋಣಾವಳಾಕ್ಕೆ ಹೋದೆ. ರಾತ್ರಿಯೆಲ್ಲ ಮಳೆ ಬಂದಿತ್ತು, ರಸ್ತೆ ಒದ್ದೆಯಾಗಿತ್ತು. ಡ್ಯಾಮನ್ನು ಒಮ್ಮೆಯೂ ನೋಡಿರಲಿಲ್ಲ ಅಂತ ತಂಗಿ ಹೇಳಿದಳು. ನಾವು ಜೋಳದ ತೆನೆ ತಿಂದೆವು. ಸಂಜೆ ನಾನು ತೆಗೆದಿದ್ದ ಫೋಟೋಗಳನ್ನು ನೋಡಿದೆವು.

‘ಅಂತ’ ಇರುವ ವಾಕ್ಯದಲ್ಲಿ ಸ್ವಲ್ಪ ಹೊತ್ತು ನಿಂತೆ. ತಂಗಿ ನಿಜಕ್ಕೂ ಅಂದದ್ದು ‘ನಾನು ನೋಡೇ ಇಲ್ಲ ಅಕ್ಕಾ’ ಅಂತ. ಅದನ್ನು ಹಿಂದಕ್ಕೆ ತಳ್ಳಿದೆ. ಕೊನೆಯ ವಾಕ್ಯದಲ್ಲಿ ಫೋಟೋ ಮೊದಲೇ ಬಂದಿದೆ ಅಂತ ನೋಡಿದೆ, ಆದರೆ ಮರಾಠಿಯಲ್ಲಿ ‘ಫೋಟೋ ಕಾಢಲಾ’ ಅನ್ನುತ್ತಾರಲ್ಲ, ಪುಲ್ಲಿಂಗ, ಅದಕ್ಕೇ ಇ ಹಾಕಲಿಲ್ಲ. ‘ಪ್ರಿ’ಯ ಕೊನೆಗೆ ಎಸ್ ಮೊದಲೇ ಇದೆ, ಬಹುವಚನಕ್ಕೆ ಇನ್ನೊಂದು ಬೇಡ ಅಂತ ಬಿಟ್ಟೆ. ಸರಿನಾ?

ಸದಾಶಿವ ಪೇಠ್ ಹುಡುಗ:

ಅಕ್ಕಾ, ಐದೂ ವಾಕ್ಯದ ಕಾಲ ಸರಿ ಇದೆ. ಎಸ್ ಬಗ್ಗೆ ಯೋಚಿಸಿದ್ದೂ ಸರಿ, ಅದು ಪುಲ್ಲಿಂಗ ಆಗಿದ್ದರೆ ನೀವು ಬರೆದ ಹಾಗೇ ಇರುತ್ತಿತ್ತು. ತಂಗಿಯ ವಾಕ್ಯ ಓದಿ ನನಗೆ ತುಂಬಾ ಖುಷಿ ಆಯಿತು, ‘ನಾವೆ ಜಾಮೆ ವ್ಯು’ ಅಂತ ಜಾಮೆ ನಡುವೆ ಕೂತದ್ದು ಕೂಡ ಸರಿಯಾಗಿದೆ.

ಒಂದೇ ತಿದ್ದುಪಡಿ, ಅದು ನನ್ನಿಂದಲೇ ಆದದ್ದು, ಮ‌ರಾಠಿ ಹೇಳಿದವನು ನಾನೇ ತಾನೇ. ಹೊಂದಿಸುವ ರೀತಿಯನ್ನು ಮರಾಠಿಯಿಂದ ತೆಗೆದುಕೊಳ್ಳಿ, ಲಿಂಗವನ್ನು ಮಾತ್ರ ಫ್ರೆಂಚ್‌ನಿಂದಲೇ. ಫೋಟೋ ಮರಾಠಿಯಲ್ಲಿ ಪುಲ್ಲಿಂಗ, ಫ್ರೆಂಚ್‌ನಲ್ಲಿ ಸ್ತ್ರೀಲಿಂಗ, ಲಾ ಫೋತೊ. ಹಾಗಾಗಿ ‘ಪ್ರಿ’ ಆದ ಮೇಲೆ ಒಂದು ಇ, ಒಂದು ಎಸ್. ಓದುವಾಗ ‘ಪ್ರೀಝ್’ ಅಂತ ಕೇಳಿಸಬೇಕು: ಲೆ ಫೋತೊ ಕ ಜಾವೆ ಪ್ರೀಝ್.

ಕೋಥ್ರೂಡ್ ಕನ್ನಡತಿ:

ತಿದ್ದಿದೆ. ಜೋರಾಗಿ ಓದಿಯೂ ನೋಡಿದೆ, ಈಗ ಆ ‘ಝ್’ ಇಲ್ಲದೆ ಹೋದರೆ ಏನೋ ಕಮ್ಮಿ ಅನ್ನಿಸುತ್ತಿದೆ. ಶನಿವಾರ ಟೀಚರ್‌ಗೆ ಕೊಡುತ್ತೇನೆ.